ಭಾವನ ಪಾಲಿಗೆ ಬಂದ ಜರ್ಮನ್ ಬ್ರೆಡ್ಡು

ನಮ್ಮ ಭಾವ ಹೆದರದೇ ಕಳೆದ ಒಂದೇ ಒಂದು ದಿನವನ್ನು ತೋರಿಸಿಕೊಟ್ಟರೆ ನನ್ನ ಮದುವೆಯ ರೇಷ್ಮೆ ಸೀರೆಯನ್ನು ನಿಮಗೇ ಕೊಟ್ಟುಬಿಡುತ್ತೇನೆ! ಒಲೆಯ ಮೇಲೆ ಕುಕ್ಕರ್ ಇಟ್ಟರೆ ಅವರು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದರು. ಫೋನು ಬಡಿದುಕೊಂಡರೆ ‘ಹಲೋ’ ಅನ್ನುವ ಬದಲು "ಯಾರ್ಗೇನಾಯ್ತು?" ಎನ್ನುತ್ತಿದ್ದರು. ಇಂಥವರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಭಾರೀ ಯಂತ್ರಗಳ ಫಿಟ್ಟರ್ ಎಂದರೆ ಯಾರು ತಾನೇ ನಂಬುತ್ತಾರೆ?

ತೊಂಬತ್ತರ ದಶಕದ ಕೊನೆಯ ಮಾತು. ಅಕ್ಕನಿಗೆ ಏಳು ತಿಂಗಳು. ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಜೊತೆಗಿರಲೆಂದು ನಾನು ಬನ್ನೂರಿನಿಂದ ಬಂದಿದ್ದೆ. ಭಾವನಂತೂ ಭಯದಲ್ಲಿ ಬಡ್ತಿ ಪಡೆದುಬಿಟ್ಟಿದ್ದರು. ಅಕ್ಕ ಸೀನಿದರೆ ಆಟೋ ಕರೆಯಲು ಓಡುವುದು, ಸೀನದಿದ್ದರೆ "ಯಾಕ್ ಸುಮ್ಕಿದ್ದೀಯೆ?" ಎಂದು ಕೇಳುವುದು. ನಾವು ನಗುತ್ತಿದ್ದೆವು, ನಿಜ. ಆದರೆ ಅಕ್ಕ ಬಚ್ಚಲಿನಿಂದ ಬರುವುದು ತುಸು ತಡವಾದರೆ ನಾನೂ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ.

ಅಂಥ ಹೊತ್ತಿನಲ್ಲಿ ಬಂತು ಆ ಬ್ರೆಡ್ಡು! ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಇಂಜಿನಿಯರ್ ಹೆಂಡತಿಯೊಡನೆ ಮೈಸೂರಿನಲ್ಲಿದ್ದ. ಈಸ್ಟರ್ ಹಬ್ಬಕ್ಕೆ ಆಕೆ ಕೈಯಾರೆ ಸಿಹಿ ಬ್ರೆಡ್ಡು ಮಾಡಿ, ತಂದೆಯಾಗಲಿರುವ ಫಿಟ್ಟರನಿಗೆಂದು ಗಂಡನ ಕೈಲಿ ಕೊಟ್ಟು ಕಳಿಸಿದ್ದಳು. ಭಾವ ಮನೆಗೆ ತಂದು ಕಾಗದ ಬಿಚ್ಚಿದರು. ಮೂರೆಳೆಯ ಜಡೆಯಂತೆ ಹೆಣೆದು ದುಂಡಗೆ ಸುತ್ತಿದ, ಹೊಳೆಯುವ ಕಂದು ಬ್ರೆಡ್ಡು. ಅಲ್ಲಲ್ಲಿ ಒಣದ್ರಾಕ್ಷಿ, ಮೇಲೆ ಬಾದಾಮಿ ಚೂರು. ನಟ್ಟನಡುವೆ ರಕ್ತಗೆಂಪು ಬಣ್ಣದ ಮೊಟ್ಟೆ!

ಭಾವ ಗೋಡೆಗೊರಗಿ ನಿಂತುಬಿಟ್ಟರು. ನಮ್ಮ ಕಡೆ ಮೂರು ದಾರಿ ಕೂಡುವಲ್ಲಿ ಕೂದಲು, ಕುಂಕುಮ ಬಳಿದ ಮೊಟ್ಟೆ ಕಂಡರೆ ಯಾರೂ ದಾಟುವುದಿಲ್ಲ. ಮಾಟ ಮಾಡಿಸಿ ಇಟ್ಟದ್ದೆಂದೇ ನಂಬಿಕೆ. ಇಲ್ಲಿ ಜಡೆಯೂ ಇತ್ತು, ಮೊಟ್ಟೆಯೂ ಇತ್ತು. ಈಸ್ಟರಿಗೆ ಮೊಟ್ಟೆಗೆ ಬಣ್ಣ ಬಳಿಯುವುದು ಅವರ ಪದ್ಧತಿಯೆಂದು ನಮಗೆ ಆಗ ಯಾರು ಹೇಳಬೇಕು?

"ಮುಟ್ಬ್ಯಾಡ್ರಿ! ಮಗು ಯಾವಾಗ ಉಟ್ತದೆ ಅಂತ ಮೂರ್ ಸಲ ಕೇಳ್ದ ಕಣವ್ವ ಆ ಜರ್ಮನಿಯೋನು!"

"ರೀ, ತಿನ್ನೋ ಪದಾರ್ಥ ಕಣ್ರೀ. ಎಷ್ಟು ಗಮ್ಮಂತದೆ!" ಎಂದು ಅಕ್ಕ ಕೈಚಾಚಿದಳು.

"ತಿನ್ಲಿ ಅಂತಾನೇ ಅಂಗೆ ಗಮ್ಮನ್ಸಿರೋದು!"

"ಜರ್ಮನಿಯೋರಿಗೆ ನಮ್ ಮೇಲೇನು ದ್ವೇಷ ಭಾವ? ಗದ್ದೆ ಬದುವಿನ ಜಗಳವಾ?" ಎಂದೆ ನಾನು. ಅಷ್ಟರಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು "ಅಯ್ಯೋ" ಎಂದಳು. ಮಗು ಒದ್ದದ್ದು, ಅಷ್ಟೇ. ಆದರೂ ನಾನೇ ಅವಳನ್ನು ಹಿಡಿದು ಅಲ್ಲಿಂದ ಒಳಗೆ ಕರೆದೊಯ್ದೆ.

ಬೆಳಗಾಗುತ್ತಲೇ ಬ್ರೆಡ್ಡನ್ನು ಹೊಳೆಗೆ ಬಿಡುವ ತೀರ್ಮಾನವಾಯಿತು. ಊರಲ್ಲೇ ಕಪಿಲೆ ಹರಿಯುತ್ತಿದ್ದಾಳಲ್ಲ ಎಂದರೆ, "ಇಲ್ಲಿ ಬುಟ್ರೆ ನಮ್ಮನೆ ನಲ್ಲೀಲೇ ವಾಪಸ್ ಬತ್ತದೆ" ಎಂದರು ಭಾವ! ಹಾಗಾಗಿ ಟಿ. ನರಸೀಪುರದ ಸಂಗಮವೇ ಆಗಬೇಕು. ಅವರೊಬ್ಬರನ್ನೇ ಕಳಿಸಲು ಅಕ್ಕನಿಗೆ ಧೈರ್ಯವಿಲ್ಲ. ಪಕ್ಕದ ಮನೆಯಾಕೆಯನ್ನು ಅವಳ ಬಳಿ ಕೂರಿಸಿ ನಾನೂ ಹೊರಟೆ.

ಬಸ್ಸಿನಲ್ಲಿ ಭಾವನ ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರ ಸುತ್ತ ಬೇವಿನ ಸೊಪ್ಪು.

"ಡಬ್ಬೀಲೇನು ಸಾ?" ಎಂದ ಕಂಡಕ್ಟರು.

"ಏನಿಲ್ಲ, ಒಸಿ ಮಾಟ."

ಕಂಡಕ್ಟರು ಟಿಕೆಟ್ಟನ್ನು ಕೈಗೆ ಕೊಡದೆ ಸೀಟಿನ ಮೇಲಿಟ್ಟು ಹೋದ. ನಮ್ಮ ಹಿಂದೆ ಮುಂದೆ ಎರಡೆರಡು ಸಾಲು ಖಾಲಿಯಾದವು. ಅಷ್ಟು ಆರಾಮಾಗಿ ನಾನು ಎಂದೂ ಆ ಬಸ್ಸಿನಲ್ಲಿ ಹೋದವಳಲ್ಲ!

ಸಂಗಮದಲ್ಲಿ ಭಾವ ಮೊಣಕಾಲುದ್ದ ನೀರಿಗಿಳಿದು ಡಬ್ಬಿಯನ್ನು ಎತ್ತಿ ಹಿಡಿದರು. ಹಿಡಿದವರು ಹಿಡಿದೇ ನಿಂತರು. ಆಮೇಲೆ ಹಿಂದಿರುಗಿ ಬಂದರು.

"ಯಾಕೆ ಭಾವ?"

"ಕೆಳಗ್ಲ ಊರೋರೂ ಇದೇ ನೀರ್ ಕುಡೀಬೇಕಲ್ಲವ್ವ. ಅಲ್ಲೂ ಬಸುರಿ ಎಂಗಸ್ರು ಇರ್ತಾರೆ."

ಹೂಳೋಣವೆಂದರೆ ನಾಯಿ ಅಗೆದು ತಿಂದರೇನು ಗತಿ ಎಂಬ ಭಯ. ಕೊನೆಗೆ ಮೆಟ್ಟಿಲ ಮೇಲೆ ಕೂತು, ಮೊಟ್ಟೆ ಸುಲಿದು, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡರು. ಆಮೇಲೆ ಬ್ರೆಡ್ಡು ಮುರಿದರು.

"ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ನಗುತ್ತಾ ನಾನೂ ಒಂದು ತುಂಡಿಗೆ ಕೈ ಹಾಕಿದೆ. ಫಟ್ಟನೆ ಕೈಮೇಲೆ ಏಟು ಬಿತ್ತು.

"ಮುಟ್ಬ್ಯಾಡ! ಬಂದಿರೋದು ಯಾರ್ ಮ್ಯಾಲಾದ್ರೂ ಓಗ್ಲೇಬೇಕು. ನನ್ಗೇ ತಟ್ಲಿ. ಅವ್ಳೂ ಮಗೂನೂ ಉಳ್ಕೊಳ್ಳಿ."

ನನಗೆ ಅಳು ಬಂದುಬಿಟ್ಟಿತು. ಎರಡು ತಿಂಗಳಿಗೆ ಅಕ್ಕನಿಗೆ ಮಗಳು ಹುಟ್ಟಿದಳು, ಭಾವನಿಗೂ ಏನೂ ಆಗಲಿಲ್ಲ. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಅವರು ಒಂದು ಚೂರೂ ಉಳಿಸದೆ ತಿಂದು, ಡಬ್ಬಿಯನ್ನು ಮೂರು ಸಲ ತೊಳೆದು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನಿಮ್ಮಕ್ಕನ್ಗೆ ಯೋಳ್ಬ್ಯಾಡ ಕಣವ್ವ. ಎದ್ರುಕೋತಾಳೆ."