ಚಿಕ್ಕಸ್ವಾಮಿಯ ಉಸಿರಿನ ವ್ಯಾಪಾರ

ಬೋರಮ್ಮ: ಯಾರ್ದೋ ಬಾಯಲ್ಲಿದ್ದ ರಬ್ಬರ್ನ ತಂದು ನಮ್ಮೆಜಮಾನ್ರ ಬಾಯ್ಗೆ ಇಡ್ತೀನಿ ಅಂತೀಯಲ್ಲ ಸಿದ್ದರಾಮಣ್ಣ, ನಿಮ್ ನಾಗಮಂಗಲದ್ ಕಡೆ ಎಂಜ್ಲು ಅನ್ನೋದೇ ಇಲ್ವಾ?

ಸಿದ್ದರಾಮು: ಸಮುದ್ರದ್ ಉಪ್ನೀರಲ್ಲಿ ತೊಳ್ದದೆ ಕಣಕ್ಕ. ಎಂಜ್ಲು ಅಂಗಿರ್ಲಿ, ಪಾಪನೂ ಉಳ್ದಿರಾಕಿಲ್ಲ.

ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಚಿಕ್ಕಸ್ವಾಮಿ, ಬೋರಮ್ಮ ಗಂಡಹೆಂಡಿರ ಮನೆ. ಜಗಲಿಯ ಮೇಲೆ ಸಿದ್ದರಾಮು ಮಾರಲು ತಂದ ಯಂತ್ರ ಹೆಡೆ ಮಡಚಿದ ಕರಿನಾಗರದಂತೆ ಬಿದ್ದಿತ್ತು. ರೆಗ್ಯುಲೇಟರ್ ಅಂತ ಹೆಸರು. ಒಂದು ತುದಿ ಗಾಳಿಯ ಸಿಲಿಂಡರಿಗೆ, ಇನ್ನೊಂದು ತುದಿ ಬಾಯಿಗೆ. ಮುಳುಗಿದವನು ಎಳೆದಷ್ಟು ಉಸಿರು ಕೊಡುವುದು ಅದರ ಕೆಲಸ.

ಯಾತ್ರಿಕರು ಕಾವೇರಿಗೆ ಬೀಳಿಸಿದ ಉಂಗುರ, ಮೊಬೈಲು, ಕಾರಿನ ಕೀಲಿಗಳನ್ನು ಮುಳುಗಿ ಎತ್ತಿಕೊಡುವುದು ಚಿಕ್ಕಸ್ವಾಮಿಯ ಕಸುಬು. ಪ್ರಾಯದಲ್ಲಿ ಇಲ್ಲಿ ಮುಳುಗಿದರೆ ತಲಕಾಡಲ್ಲಿ ಏಳುತ್ತಿದ್ದ, ದಾರಿಯಲ್ಲಿ ಸಿಕ್ಕ ಮೀನುಗಳ ಯೋಗಕ್ಷೇಮ ವಿಚಾರಿಸಿಕೊಂಡು. ಈಗ ಬಿಟ್ಟ ಗುಳ್ಳೆಗಿಂತ ಮೊದಲೇ ತಾನು ಮೇಲೆ ಬರುತ್ತಾನೆ. ಮೊನ್ನೆ ಒಬ್ಬ ಗಿರಾಕಿ ಬೇರೆಯವನನ್ನು ಹುಡುಕಿಕೊಂಡೇ ಹೋದ. ಈ ಯಂತ್ರವಿಲ್ಲದಿದ್ದರೆ ಕಸುಬು ಮುಗಿದಂತೆ. ಹೊಸದು ಕೊಳ್ಳೋಣವೆಂದರೆ ಹಾಲು ಕರೆಯುವ ಎಮ್ಮೆಯನ್ನು ಕರು ಸಮೇತ ಮಾರಬೇಕಿತ್ತು.

ಚಿಕ್ಕಸ್ವಾಮಿಯ ಗೆಳೆಯ ಸಿದ್ದರಾಮು ಹುಟ್ಟಾ ದನದ ದಲ್ಲಾಳಿ. ಸೀಮೆ ಹಸುವನ್ನು ಹೊಗಳುವಂತೆಯೇ ಇದನ್ನೂ ಹೊಗಳಿದ: ಒದೆಯಲ್ಲ, ಹಾಯಲ್ಲ, ಹಿಂಡಿ ಬೂಸಾ ಕೇಳಲ್ಲ. ಹಿಂದಿನ ಯಜಮಾನ ಪರದೇಶದವನಂತೆ. ಇದನ್ನು ಕಚ್ಚಿಕೊಂಡು ತಿಮಿಂಗಿಲದ ಹೊಟ್ಟೆಯೊಳಗೆ ಮಧ್ಯಾಹ್ನದ ನಿದ್ದೆ ತೆಗೆದು ಬಂದವನಂತೆ.

ಚಿಕ್ಕಸ್ವಾಮಿ: ಅದೆಲ್ಲ ಇರ್ಲಿ ಕಣ್ಲಾ. ನಡುನೀರಲ್ಲಿ ಇದು ಕೈ ಕೊಟ್ರೆ?

ಸಿದ್ದರಾಮು: ಇವತ್ಗಂಟ ಯಾರೂ ವಾಪಸ್ ಬಂದು ದೂರು ಯೋಳಿಲ್ಲ.

ಬೋರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಬಾಯಲ್ಲಿ ಕಚ್ಚುವ ರಬ್ಬರನ್ನು ಎರಡೇ ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. ಹಲ್ಲು ನೋಡದೆ ಅವಳ ತವರಿನಲ್ಲಿ ದನದ ಹಗ್ಗ ಹಿಡಿದವರಿಲ್ಲ. ಇದಕ್ಕೆ ಹಲ್ಲಿರಲಿಲ್ಲ; ಹಲ್ಲಿನ ಗುರುತುಗಳಿದ್ದವು, ಅಗಿದು ಉಗಿದ ಕಬ್ಬಿನ ಸಿಪ್ಪೆಯಲ್ಲಿರುವಂತೆ.

ಬೋರಮ್ಮ: ಇದ್ನ ಕಚ್ದೋನು ನಿದ್ದೆ ಮಾಡಿಲ್ಲ, ಪ್ರಾಣ ಇಡ್ಕಂಡವ್ನೆ. ಎಡಗಡೆ ಕ್ವಾರೆಅಲ್ಲು ಬ್ಯಾರೆ ಇಲ್ಲ ಅವ್ನಿಗೆ. ಎಲ್ಲಿ, ಒಸಿ ನಗು ಸಿದ್ದರಾಮಣ್ಣ.

ಬೆಳಗಿನಿಂದ ಮುಚ್ಚದಿದ್ದ ಸಿದ್ದರಾಮುವಿನ ಬಾಯಿ ಅಂಗಡಿಯ ಷಟರಿನಂತೆ ದಡಕ್ಕನೆ ಮುಚ್ಚಿತು. ನಗು ಅಂದರೆ ತಲೆ ಅಲ್ಲಾಡಿಸಿದ. ಚಿಕ್ಕಸ್ವಾಮಿ ಹಿಂದಿನಿಂದ ಬಂದು ಕಂಕುಳಿಗೆ ಕೈ ಹಾಕಿ ಕಚಗುಳಿಯಿಟ್ಟ. ದಲ್ಲಾಳಿ ಜಗಲಿಯ ತುಂಬ ಹೊರಳಾಡಿ ನಕ್ಕ. ಎಡಗಡೆ ಕೋರೆಹಲ್ಲಿನ ಜಾಗದಲ್ಲಿ ಒಂದು ಬೆಳಕಿಂಡಿ ಇತ್ತು.

ಆಮೇಲೆ ಎಲ್ಲವೂ ಹೊರಬಿತ್ತು. ಮುರುಡೇಶ್ವರಕ್ಕೆ ಹೋದವನು ಹುರುಪಿನಲ್ಲಿ ಇದನ್ನು ಕೊಂಡು ತಾನೇ ಸಮುದ್ರಕ್ಕಿಳಿದಿದ್ದ. ಬೆರಳುದ್ದದ ಮೀನೊಂದು ಅವನನ್ನು ದಿಟ್ಟಿಸಿ ನೋಡಿತಂತೆ. ಅಲ್ಲಿಂದ ಶುರುವಾದ ಕಿರುಚಾಟ, ಜನ ಮೇಲೆಳೆದು ದೋಣಿಗೆ ಹಾಕುವವರೆಗೂ ನಿಂತಿರಲಿಲ್ಲ.

ಚಿಕ್ಕಸ್ವಾಮಿ ಹೊಳೆಯ ಕಡೆ ಒಮ್ಮೆ ನೋಡಿ, ಯಂತ್ರವನ್ನು ಸುತ್ತಿ ಗೆಳೆಯನ ಮಡಿಲಿಗೆ ಇಟ್ಟ.

ಚಿಕ್ಕಸ್ವಾಮಿ: ತಕ್ಕೊಂಡೋಗ್ಲಾ. ನಾನು ದಡದಲ್ಲೇ ಕಡ್ಲೆಕಾಯಿ ಮಾರ್ಕಂಡಿರ್ತೀನಿ.

ಬೋರಮ್ಮ: ತಡೀರಿ ಒಸಿ. ಸಿದ್ದರಾಮಣ್ಣ, ನೀನು ಕಿರುಚ್ತಿದ್ದಾಗ ಗಾಳಿ ಬತ್ತಿತ್ತಾ?

ಸಿದ್ದರಾಮು: ಕಿರುಚ್ದಷ್ಟೂ ಕೊಡ್ತಾನೇ ಇತ್ತು ಕಣಕ್ಕ. ಆ ಮೀನ್ ಮೇಲಾಣೆ.

ಬೋರಮ್ಮ ಅವನ ಮಡಿಲಿನಿಂದ ಯಂತ್ರವನ್ನು ಕಿತ್ತುಕೊಂಡಳು. ಹೊಸ ರಬ್ಬರು ಹಾಕಿಸಿ, ಬಲ್ಲವರ ಹತ್ತಿರ ಸರ್ವೀಸ್ ಮಾಡಿಸಿ, ಎಲ್ಲ ಅವನ ಖರ್ಚಿನಲ್ಲೇ ತಂದುಕೊಡಬೇಕೆಂದು ತೀರ್ಪಾಯಿತು.

ಚಿಕ್ಕಸ್ವಾಮಿ: ಇಷ್ಟೊಂದ್ ಸುಳ್ಳು ಯೋಳ್ದೋನ್ನ ನಂಬ್ಕಂಡು ತಗತೀಯಾ?

ಬೋರಮ್ಮ: ಅವ್ನ ಯಾರ್ ನಂಬವ್ರೆ? ಈ ಬಾಯ್ಬಡುಕನ್ ಬಾಯ್ಗೇ ಸಾಲೋವಷ್ಟು ಗಾಳಿ ಒದಗ್ಸ್ಯದೆ ಅಂದ್ರೆ, ಒಂದ್ 'ಊಂ' ಅನ್ನಕ್ಕೂ ಲೆಕ್ಕ ಹಾಕೋ ನಿಮ್ಗೆ ಒಂದ್ ಸಿಲಿಂಡರು ಮೊಮ್ಮಗನ್ ಮದ್ವೆಗಂಟ ಬತ್ತದೆ.