ತಲೆಯ ಕಡೆ ಶಾಸ್ತ್ರ, ಕಾಲಿನ ಕಡೆ ಪ್ರಾರ್ಥನೆ

ಉಪದೇಶಿ: ಏಳೋ ಯಾಕೋಬ, ಎದ್ದು ಕೂತ್ಕೋ! ದೇವರ ಮನೇಲಿ ಕಾಲು ಚಾಚ್ಕೊಂಡು ಮಲಗೋದು ಅಂದ್ರೇನು?

ಅಯ್ಯನವರು: ಏಳಬೇಡ ಯಾಕೋಬ, ಹಾಗೇ ಮಲಗಿರು! ಉಪದೇಶಿಗಳೇ, ಮಲಗಿದ್ರೇನೇ ಮನಸ್ಸು ಸಡಿಲ ಆಗೋದು.

ಉಪದೇಶಿ: ಮನಸ್ಸು ಸಡಿಲ ಆಗಿದ್ದಕ್ಕೇ ಅಲ್ವಾ ಇವನು ಇಲ್ಲಿಗೆ ಬಂದಿರೋದು? ಈಗ ಬಿಗಿ ಮಾಡ್ಬೇಕು ಮಾರಾಯ್ರೆ, ಬಿಗಿ!

ಯಾಕೋಬ ಅರ್ಧ ಎದ್ದ, ಮತ್ತೆ ಮಲಗಿದ, ಮತ್ತೆ ಅರ್ಧ ಎದ್ದ. ಭದ್ರಾವತಿಯಿಂದ ಬೆಳಗಿನ ರೈಲಿಗೆ ಹೊರಟು, ಹೊಟ್ಟೆಗೆ ಏನೂ ಇಲ್ಲದೆ ಶಿವಮೊಗ್ಗದ ಚರ್ಚಿಗೆ ಬಂದವನು ಅವನು. ಬಂದದ್ದು ಕಷ್ಟ ಹೇಳಿಕೊಳ್ಳಲು. ಇಲ್ಲಿ ನೋಡಿದರೆ ಅವನನ್ನು ಮಲಗಿಸಬೇಕೋ ಕೂರಿಸಬೇಕೋ ಎಂಬುದೇ ಇನ್ನೂ ಇತ್ಯರ್ಥವಾಗಿರಲಿಲ್ಲ.

ತಪ್ಪು ಅವರಿಬ್ಬರದೂ ಅಲ್ಲ. ಸತ್ಯಮಿತ್ರ ಅಯ್ಯನವರು ಎಳೆಯ ಪಾದ್ರಿಗಳು, ಬೆಂಗಳೂರಿನಲ್ಲಿ ಇಂಗ್ಲೆಂಡಿನ ಗುರುಗಳ ಹತ್ತಿರ ಓದುವಾಗ ಮನಶ್ಶಾಸ್ತ್ರವನ್ನೂ ಕಲಿತು ಬಂದಿದ್ದರು. ಮನೆಯ ಮಂಚವನ್ನೇ ಹೊರಿಸಿ ತಂದು ಚರ್ಚಿನ ಪಕ್ಕದ ಕೋಣೆಯಲ್ಲಿ ಹಾಕಿಸಿದ್ದರು. ಅಂದಿನಿಂದ ಅವರ ಹೆಂಡತಿ ಚಾಪೆಯ ಮೇಲೆ ಮಲಗುತ್ತಿದ್ದರು, ಆ ವಿಷಯವನ್ನು ಯಾವ ಶಾಸ್ತ್ರವೂ ವಿಚಾರಿಸಿರಲಿಲ್ಲ. ಉಪದೇಶಿ ಶಾಂತಪ್ಪನವರು ಹಳಬರು. ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡಿ, ಬುದ್ಧಿ ಹೇಳಿ ಕೂದಲು ಬೆಳ್ಳಗಾಗಿತ್ತು. ಶಾಂತಿಯೆಂಬುದು ಅವರ ಹೆಸರಿನಲ್ಲಿ ಮಾತ್ರ ಇತ್ತು. ಈ ಜಗಳ ಮೇಲಿನ ಹಿರಿಯ ಪಾದ್ರಿಗಳವರೆಗೆ ಹೋದಾಗ, ಯಾರನ್ನೂ ನೋಯಿಸದ ಆ ಜಾಣರು 'ಶಾಸ್ತ್ರವೂ ಇರಲಿ, ಪ್ರಾರ್ಥನೆಯೂ ಇರಲಿ, ಇಬ್ಬರೂ ಸೇರಿಯೇ ಮಾಡಿ' ಎಂದು ಕೈತೊಳೆದುಕೊಂಡಿದ್ದರು. ಹಾಗೆ ಇಬ್ಬರೂ ಸೇರಿ ಕೈಹಾಕಿದ ಮೊದಲ ಮನುಷ್ಯನೇ ನಮ್ಮ ಯಾಕೋಬ.

ಅಯ್ಯನವರು: ಸರಿ, ನಾನು ತಲೆ ಕಡೆ ಕೂತ್ಕೋತೀನಿ. ಅವನಿಗೆ ನನ್ನ ಮುಖ ಕಾಣಬಾರದು, ಅದು ಕ್ರಮ. ನೀವು ಕಾಲಿನ ಕಡೆ ನಿಂತ್ಕೊಳ್ಳಿ.

ಉಪದೇಶಿ: ಮುಖ ಮರೆಮಾಡ್ಕೊಂಡು ಪಾಪ ಕೇಳೋದು ರೋಮಿನ ಸಭೆಯವರ ಪದ್ಧತಿ. ನಮ್ಮಲ್ಲಿ ಯಾವತ್ತು ಶುರುವಾಯ್ತು?

ಅಯ್ಯನವರು: ಪಾಪ ಕೇಳೋದಲ್ಲ ಇದು, ಮನಸ್ಸಿನ ಮಾತು ಕೇಳೋದು. ಯಾಕೋಬ, ಬಾಯಿಗೆ ಬಂದದ್ದನ್ನೆಲ್ಲ ಹೇಳಪ್ಪ. ಯಾವುದನ್ನೂ ತಡೀಬೇಡ.

ಉಪದೇಶಿ: ಬಾಯಿಗೆ ಬಂದದ್ದನ್ನೆಲ್ಲಾನಾ? ಇವನು ಕಾರ್ಖಾನೇಲಿ ಕೆಲಸ ಮಾಡೋನು ಸ್ವಾಮಿ! ಅಲ್ಲಿ ಬಾಯಿಗೆ ಏನೇನು ಬರುತ್ತೆ ಅಂತ ನಿಮಗೆ ಗೊತ್ತಿಲ್ಲ. ಬಾಯಿಗೆ ಬಂದದ್ದು ಹೇಳೋಕೆ ಮಂಚ ಯಾಕೆ, ನೀರಿನ ಕಟ್ಟೆ ಹತ್ರ ಹೋದ್ರೆ ಸಾಕು.

ಯಾಕೋಬ: ನಾನು ಕಬ್ಬಿಣದ...

ಅಯ್ಯನವರು: ಕಬ್ಬಿಣ! ಕೇಳಿದ್ರಾ? ಮೊದಲ ಮಾತೇ ಕಬ್ಬಿಣ! ಕಠಿಣವಾದದ್ದು, ಬಗ್ಗದೇ ಇರೋದು. ಇವರಪ್ಪ ಬಹಳ ಬಿಗಿ ಮನುಷ್ಯ ಇದ್ದಿರಬೇಕು.

ಉಪದೇಶಿ: ಅಪ್ಪನ್ನ ಯಾಕೆ ಎಳೀತೀರಿ? ಸಾಧು ಮನುಷ್ಯ, ನಾನೇ ಮಣ್ಣು ಮಾಡಿದ್ದು. ಇವನ ಹೃದಯವೇ ಕಬ್ಬಿಣವಾಗಿದೆ ಅಂತ ಇವನ ಬಾಯಲ್ಲೇ ಬಂತು. ಸ್ತೋತ್ರ!

ಕಬ್ಬಿಣದ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಗೆ ರಜ ಹಾಕಿ ಬಂದಿದ್ದೇನೆ ಎಂದಷ್ಟೇ ಯಾಕೋಬ ಹೇಳಹೊರಟಿದ್ದ. ಅದು ಬಿಡಿ, ಅವನ ನಿಜವಾದ ಕಷ್ಟವೂ ಇಷ್ಟೇ ಉದ್ದದ್ದು. ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ನಿಂತು ಕೈಸನ್ನೆ ಕೊಡುವುದು ಅವನ ಕೆಲಸ. ಆ ಗದ್ದಲದಲ್ಲಿ ಬಾಯಿ ಬಿಟ್ಟರೆ ಬಾಯಿ ನೋವೇ ಹೊರತು ಯಾರಿಗೂ ಕೇಳಿಸದು. ಕೈ ಮೇಲೆತ್ತಿದರೆ ಎತ್ತು, ಅಂಗೈ ತಗ್ಗಿಸಿದರೆ ಮೆಲ್ಲಗೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ವರ್ಷಗಟ್ಟಲೆ ಹೀಗೆ ದುಡಿದವನು ಮನೆಗೆ ಬಂದರೂ ಅದೇ. ಅನ್ನಕ್ಕೆ ಕೈ ಎತ್ತುವುದು, ಸಾಕಾದರೆ ಮುಷ್ಟಿ ತೋರಿಸುವುದು. ಹೆಂಡತಿ ಹೂವಮ್ಮ ಸಹಿಸುವಷ್ಟು ಸಹಿಸಿ, 'ನಾನೇನು ನಿಮ್ಮ ಕ್ರೇನಾ? ಬಾಯಿಬಿಟ್ಟು ಕರೆದ ದಿನ ಬರ್ತೀನಿ' ಎಂದು ಈಸ್ಟರ್ ಹಬ್ಬಕ್ಕೆ ಶಿವಮೊಗ್ಗದ ತವರಿಗೆ ಹೋದವಳು, ಕ್ರಿಸ್‌ಮಸ್ ಹತ್ತಿರ ಬಂದರೂ ಬಂದಿರಲಿಲ್ಲ. ಇವನು ಒಮ್ಮೆ ಕೋಟೆಯ ಹತ್ತಿರದ ಅತ್ತೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಕೈಬೀಸಿ ಕರೆದ. ಅವಳು ಬಾಗಿಲು ಹಾಕಿಕೊಂಡಳು. ಹೆಂಡತಿಯಿಲ್ಲದೆ ಯಾಕೋಬನಿಗೆ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಮಾತಾಡುವುದನ್ನು ಯಾರಾದರೂ ಕಲಿಸಿಯಾರು ಎಂದು ಇಲ್ಲಿಗೆ ಬಂದರೆ, ಮಾತಾಡುವ ಕೆಲಸವನ್ನೆಲ್ಲ ಇವರಿಬ್ಬರೇ ಹಂಚಿಕೊಂಡಿದ್ದರು.

ಅಯ್ಯನವರು: ನಿನ್ನೆ ರಾತ್ರಿ ಏನು ಕನಸು ಬಿತ್ತು, ಹೇಳು. ಕನಸಿನಲ್ಲೇ ಎಲ್ಲ ಇರೋದು.

ಉಪದೇಶಿ: ಇದನ್ನ ಹೇಳಿಕೊಡೋಕೆ ಇಂಗ್ಲೆಂಡಿನವರು ಬರಬೇಕಿತ್ತಾ? ಕನಸಿಗೆ ಅರ್ಥ ಹೇಳೋದು ಸತ್ಯವೇದದಲ್ಲಿ ಮೊದಲಿಂದಾನೂ ಇದೆ. ಹೇಳೋ, ಅಲ್ಲಿ ರಾಜನ ಕನಸಲ್ಲಿ ಬಂದ ಹಾಗೆ ಹಸು ಬಂತಾ? ತೆನೆ ಬಂತಾ?

ಯಾಕೋಬ: ನಿದ್ದೇನೇ ಬರಲ್ಲ ಅಂದ್ರೆ ಕನಸು...

ಅಯ್ಯನವರು: ಕನಸು ಬರದ ಹಾಗೆ ನಿದ್ದೆಯನ್ನೇ ತಡೀತಾ ಇದೆ ಒಳಮನಸ್ಸು! ಎಷ್ಟು ಆಳಕ್ಕೆ ಹೋಗಿದೆ ನೋಡಿ!

ಉಪದೇಶಿ: ಪ್ರಾರ್ಥನೆ ಮಾಡದೆ ಮಲಗಿದ್ರೆ ನಿದ್ದೆ ಎಲ್ಲಿಂದ ಬರುತ್ತೆ? ಕಣ್ಮುಚ್ಚು, ಮೊದಲು ಪ್ರಾರ್ಥನೆ.

ಅಯ್ಯನವರು: ಮೊದಲು ಮಾತು, ಆಮೇಲೆ ಪ್ರಾರ್ಥನೆ! ಏನು ಬೇಕು ಅಂತಾನೇ ಗೊತ್ತಿಲ್ಲದೆ ದೇವರ ಹತ್ರ ಏನು ಕೇಳ್ತೀರಿ?

ಉಪದೇಶಿ: ದೇವರಿಗೆ ಗೊತ್ತಿಲ್ವಾ? ಮಂಚ ಹಾಕಿ, ತಲೆ ಹತ್ರ ಕೂತು ಆತನಿಗೆ ತಿಳಿಸಬೇಕಾ?

ಯಾಕೋಬನ ತಾಳ್ಮೆ ಮುಗಿಯಿತು. ಬಾಯಿ ತೆರೆದರೆ ಇಬ್ಬರೂ ಮೇಲೆ ಬೀಳುತ್ತಾರೆಂದು ತಿಳಿದು, ತನಗೆ ಬರುವ ಭಾಷೆಯಲ್ಲಿಯೇ ಹೇಳಿದ. ಬಲಗೈ ಮೇಲೆತ್ತಿ ಗಟ್ಟಿಯಾಗಿ ಮುಷ್ಟಿ ಹಿಡಿದ.

ಅಯ್ಯನವರು: ಮುಷ್ಟಿ! ಅಡಗಿದ್ದ ಕೋಪ ಮೇಲೆ ಬರ್ತಾ ಇದೆ! ಬರಲಿ ಯಾಕೋಬ, ಬಿಡು, ಬರಲಿ!

ಉಪದೇಶಿ: ಕೋಪ ಅಲ್ಲ ಅದು. ಸೈತಾನ ಒಳಗೆ ಬಿಗಿಯಾಗಿ ಹಿಡ್ಕೊಂಡಿದ್ದಾನೆ.

ಯಾಕೋಬ ಅಂಗೈ ಬಿಡಿಸಿ, ಮೆಲ್ಲಗೆ, ಮೆಲ್ಲಗೆ ಎಂದು ಕೆಳಗಿಳಿಸಿದ.

ಅಯ್ಯನವರು: ಇಳೀತಿದ್ದಾನೆ... ಬಾಲ್ಯಕ್ಕೆ ಇಳೀತಿದ್ದಾನೆ...

ಉಪದೇಶಿ: ಬಿಟ್ಟ! ಸೈತಾನ ಕೈಬಿಟ್ಟ!

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಶಾಸ್ತ್ರಕ್ಕೂ ಪ್ರಾರ್ಥನೆಗೂ ಜಗಳ ಬಿದ್ದು ಗಂಡನೇ ಬಡವಾಗುತ್ತಿದ್ದ. ಅಷ್ಟರಲ್ಲಿ ಕಿಟಕಿಯ ಹೊರಗೆ ಸೊಪ್ಪಿನ ಬುಟ್ಟಿ ಹೊತ್ತ ಲಿಂಗಮ್ಮ ಹಾದುಹೋದಳು. ಹೂವಮ್ಮನ ತವರಿನ ಪಕ್ಕದ ಮನೆಯವಳು. ಗದ್ದಲ ಕೇಳಿ ಒಳಗೆ ಇಣುಕಿದಳು. ಈ ಸಭೆಯವರ ಪದ್ಧತಿ ಊರಿಗೆಲ್ಲ ಗೊತ್ತು: ಮಂಚ ಹಿಡಿದವರ ತಲೆಯ ಕಡೆ ಪಾದ್ರಿ ಕೂತು, ಕಾಲಿನ ಕಡೆ ಉಪದೇಶಿ ಪುಸ್ತಕ ಬಿಡಿಸಿ ನಿಂತರೆಂದರೆ ಅದು ಕಡೆಯ ಗಳಿಗೆ. ಅವಳು ನೋಡಿದಾಗ ಮಲಗಿದವನ ಕೈ ಮೆಲ್ಲಗೆ ಕೆಳಗೆ ಬೀಳುತ್ತಿತ್ತು. 'ಅಯ್ಯೋ ಶಿವನೇ, ಹೂವಮ್ಮನ ಗಂಡ!' ಎಂದವಳೇ ಬುಟ್ಟಿಯನ್ನು ಅಲ್ಲೇ ಇಳಿಸಿ ಓಡಿದಳು.

ಒಳಗಿನವರಿಗೆ ಇದೊಂದೂ ತಿಳಿಯಲಿಲ್ಲ. ಯಾಕೋಬನ ಬಾಲ್ಯದಲ್ಲಿ ಹೆಚ್ಚು ಕಷ್ಟವಿತ್ತೋ ಹೆಚ್ಚು ಪಾಪವಿತ್ತೋ ಎಂದು ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದಾಗ ಬಾಗಿಲು ದಢಾರನೆ ತೆರೆಯಿತು.

ಹೂವಮ್ಮ: ರೀ! ಏನಾಯ್ತ್ರೀ ನಿಮಗೆ? ಅಯ್ಯನೋರೆ, ಏನಾಯ್ತು ಇವರಿಗೆ?

ಅಯ್ಯನವರು: ಗಾಬರಿ ಆಗ್ಬೇಡಮ್ಮ. ಹೊರಗಡೆ ಏನೂ ಇಲ್ಲ. ಎಲ್ಲ ಒಳಗೇ ಆಗಿರೋದು.

ಹೂವಮ್ಮ: ಒಳಗಾ! ಹೊರಗಿನ ಗಾಯ ಆದ್ರೆ ಮದ್ದು ಹಾಕಬಹುದಿತ್ತಲ್ಲಪ್ಪಾ! ಬದುಕ್ತಾರಾ?

ಅಯ್ಯನವರು: ತುಂಬಾ ಹಳೇದು. ಚಿಕ್ಕಂದಿನಿಂದಾನೇ ಬೆಳ್ಕೊಂಡು ಬಂದಿದೆ.

ಉಪದೇಶಿ: ಎಲ್ಲ ದೇವರ ಚಿತ್ತ ತಾಯಿ. ಸಮಾಧಾನ ಮಾಡ್ಕೋ.

'ದೇವರ ಚಿತ್ತ' ಎಂಬ ಮಾತನ್ನು ಶಾಂತಪ್ಪನವರು ಸಾಮಾನ್ಯವಾಗಿ ಎಲ್ಲಿ ಹೇಳುತ್ತಾರೆಂಬುದು ಹೂವಮ್ಮನಿಗೆ ಗೊತ್ತಿತ್ತು. ಅವಳ ತಂದೆ ತೀರಿಕೊಂಡಾಗ ಅಂಗಳದಲ್ಲಿ ನಿಂತು ಇದೇ ಧಾಟಿಯಲ್ಲಿ ಹೇಳಿದ್ದರು. ಅವಳು ಮಂಚದ ಅಂಚಿಗೆ ಕುಸಿದು ಗೊಳೋ ಎಂದು ಅತ್ತಳು. ಯಾಕೋಬನಿಗೆ ಏನೊಂದೂ ಅರ್ಥವಾಗಲಿಲ್ಲ. ಆದರೆ ಹೆಂಡತಿ ಇಷ್ಟು ಹತ್ತಿರ ಕೂತು ಎಷ್ಟು ಕಾಲವಾಗಿತ್ತು! ಏಳಲು ಮನಸ್ಸೇ ಬರಲಿಲ್ಲ.

ಹೂವಮ್ಮ: ನಾನು ಹಟ ಮಾಡಿದ್ದೇ ತಪ್ಪಾಯ್ತು ಕಣ್ರೀ. ಒಂದೇ ಒಂದು ಮಾತು ಆಡ್ರೀ, ಸಾಕು!

ಅಯ್ಯನವರು: ಆಡ್ತಾನಮ್ಮ, ಮೊದಲು ಅವನ ಒಳಮನಸ್ಸು...

ಉಪದೇಶಿ: ಮೊದಲು ಒಂದು ಕೀರ್ತನೆ ಹಾಡೋಣ...

ಯಾಕೋಬ ಮತ್ತೆ ಮುಷ್ಟಿ ಹಿಡಿದ.

ಹೂವಮ್ಮ: ನಿಲ್ಸಿ ಅಂತಿದ್ದಾರೆ! ಇಬ್ರೂ ನಿಲ್ಸಿ ಅಂತ! ಅಷ್ಟೂ ಗೊತ್ತಾಗಲ್ವಾ ನಿಮಗೆ?

ಕೋಪವೋ ಸೈತಾನನೋ ಎಂದು ಅಷ್ಟು ಹೊತ್ತು ತರ್ಕಿಸಿದ್ದ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು.

ಯಾಕೋಬ: ಮನೆಗೆ... ಬಾ ಹೂವಾ.

ಅಯ್ಯನವರು: ಬಂತು! ಮಾತು ಬಂತು!

ಉಪದೇಶಿ: ಸ್ತೋತ್ರ! ಸ್ತೋತ್ರ!

ಹೂವಮ್ಮ: ಈಗ ಕರೀತೀರಲ್ರೀ! ಸಾಯೋ ಹೊತ್ತಿಗೆ!

ಯಾಕೋಬ: ಸಾಯೋದಾ? ಯಾರು?

ಎಂದು ಎದ್ದು, ಕಾಲು ಇಳಿಬಿಟ್ಟು ಕುಳಿತ. ಹೂವಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಳು ಅರ್ಧಕ್ಕೇ ನಿಂತಿತು.

ಹೂವಮ್ಮ: ಏನೂ ಆಗಿಲ್ವಾ ನಿಮಗೆ?

ಯಾಕೋಬ: ಇಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅಷ್ಟೆ.

ಹೂವಮ್ಮ: ಹಾಗಾದ್ರೆ ಈಗ ಆಡಿದ ಮಾತು ಲೆಕ್ಕಕ್ಕಿಲ್ಲ. ಮಲಗಿರೋರು ಯಾರನ್ನ ಬೇಕಾದ್ರೂ ಕರೀತಾರೆ. ನೆಟ್ಟಗೆ ನಿಂತಿರೋ ಗಂಡ ಕರೀಲಿ, ಆಗ ನೋಡೋಣ.

ಸೆರಗಿನಿಂದ ಕಣ್ಣೊರಸಿಕೊಂಡು ಬಾಗಿಲ ಕಡೆ ತಿರುಗಿದಳು. ಈಗ ಹೋದರೆ ಇನ್ನು ಬರುವವಳಲ್ಲ. ಯಾಕೋಬ ದಡಬಡನೆ ಎದ್ದು ನಿಂತ. ಅವನಿಗೆ ತಿಳಿಯದಂತೆಯೇ ಕೈ ಮೇಲೆದ್ದಿತು.

ಹೂವಮ್ಮ: ಕೈ ಕೆಳಗೆ!

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೈ ಕಟ್ಟಿದ ಮೇಲೆ ನಾಲಿಗೆಯೂ ಕಟ್ಟಿದಂತಾಯಿತು.

ಅಯ್ಯನವರು: ಭಯ ಪಡಬೇಡ. ಮನಸ್ಸಿನಲ್ಲಿ ಏನಾಗ್ತಾ ಇದೆ, ಅದನ್ನ ಹೇಳು.

ಉಪದೇಶಿ: ಕಣ್ಮುಚ್ಚಿ ಬೇಡ್ಕೋ, ಮಾತು ತಾನಾಗೇ ಬರುತ್ತೆ.

ಅಯ್ಯನವರು: ಕಣ್ಣು ತೆರೆದೇ ಹೇಳು!

ಯಾಕೋಬ: ಇಬ್ರೂ ಬಾಯ್ಮುಚ್ಚೀ!

ಕುಲುಮೆಯ ಗದ್ದಲವನ್ನು ಮೀರಿಸುವ ಗಂಟಲು ತನ್ನಲ್ಲಿದೆಯೆಂದು ಯಾಕೋಬನಿಗೆ ಅದುವರೆಗೆ ಗೊತ್ತಿರಲಿಲ್ಲ. ಹೆಂಚಿನ ಮೇಲಿನ ಪಾರಿವಾಳಗಳು ಹಾರಿಹೋದವು. ಅಯ್ಯನವರು ಕುರ್ಚಿಗೆ ಆತುಕೊಂಡರು, ಉಪದೇಶಿಗಳು ಸತ್ಯವೇದವನ್ನು ಎದೆಗೆ ಅಪ್ಪಿಕೊಂಡರು. ಕೋಣೆಯಲ್ಲಿ ಆ ಬೆಳಿಗ್ಗೆ ಮೊದಲ ಬಾರಿಗೆ ನಿಶ್ಶಬ್ದವಾಯಿತು.

ಯಾಕೋಬ: ಬೆಳಿಗ್ಗೆ... ಕಾರ್ಖಾನೆ ಕೂಗಿದ ತಕ್ಷಣ ಎದ್ದು ಕಾಫಿ ಮಾಡ್ತೀನಿ. ಎರಡು ಲೋಟಕ್ಕೆ ಮಾಡ್ಬಿಡ್ತೀನಿ. ನೀನಿಲ್ಲ ಅಂತ ನೆನಪೇ ಇರಲ್ಲ. ನಿನ್ನ ಲೋಟ ಆರೋ ತನಕ ಅದರ ಮುಂದೆ ಕೂತಿರ್ತೀನಿ. ಆಮೇಲೆ ಚೆಲ್ತೀನಿ. ನನ್ನ ಕೈಲಿ ಆಗಲ್ಲ ಹೂವಾ. ಬಂದ್ಬಿಡು.

ಹೂವಮ್ಮ ಬಾಗಿಲಲ್ಲೇ ನಿಂತಳು. ಕಣ್ಣು ಮತ್ತೆ ತುಂಬಿತ್ತು, ಆದರೆ ಅದನ್ನು ಈ ಗಂಡಸರ ಮುಂದೆ ಒಪ್ಪಿಕೊಳ್ಳುವವಳಲ್ಲ ಅವಳು.

ಹೂವಮ್ಮ: ಚೆಲ್ತೀರಾ? ಹಾಲು ಹಾಕಿದ ಕಾಫೀನಾ?

ಯಾಕೋಬ: ಹೂಂ.

ಹೂವಮ್ಮ: ಸಕ್ಕರೆ ಹಾಕಿದ್ದಾ?

ಯಾಕೋಬ: ನಿನಗೆ ಹಾಕೋ ಅಷ್ಟು.

ಹೂವಮ್ಮ: ಯುದ್ಧ ಅಂತ ಸಕ್ಕರೆ ಅಳೆದು ಕೊಡೋ ಈ ಕಾಲದಲ್ಲಿ ಅದನ್ನ ಚೆಲ್ಲೋ ಗಂಡನ್ನ ಒಬ್ಬನೇ ಬಿಟ್ರೆ ದೇವರು ಮೆಚ್ಚಲ್ಲ. ನಡೀರಿ. ಅಮ್ಮನ ಮನೇಲಿ ಊಟ ಮಾಡಿ, ನನ್ನ ಟ್ರಂಕು ತಗೊಂಡು ಸಂಜೆ ರೈಲಿಗೆ ಹೋಗೋಣ.

ಯಾಕೋಬ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅಯ್ಯನವರಿಗೂ ಉಪದೇಶಿಗಳಿಗೂ ಜೀವ ಬಂದಿತ್ತು.

ಅಯ್ಯನವರು: ಹೂವಮ್ಮ, ಒಂದು ನಿಮಿಷ. ನೀನೇ ಹೇಳು, ಇದು ಯಾವುದರಿಂದ ಗುಣ ಆಯ್ತು? ಶಾಸ್ತ್ರದಿಂದ ಅಲ್ವಾ?

ಉಪದೇಶಿ: ಮುಲಾಜು ಬೇಡ ತಾಯಿ, ಪ್ರಾರ್ಥನೆಯಿಂದ ಅಂತ ಹೇಳು.

ಹೂವಮ್ಮ: ನನಗೇನು ತಿಳಿಯುತ್ತೆ ಅಯ್ಯನೋರೆ? ನಾನು ಕಂಡಿದ್ದು ಇಷ್ಟು. ನೀವಿಬ್ರೂ ಸುಮ್ಮನಾದ್ರಿ, ಇವರು ಮಾತಾಡಿದ್ರು.

ಅಯ್ಯನವರು: ಅದೇ! ಸುಮ್ಮನಿರೋದೇ ನಮ್ಮ ಶಾಸ್ತ್ರದ ಮೊದಲ ಪಾಠ!

ಉಪದೇಶಿ: ನಾನು ಸುಮ್ಮನಿದ್ದೆ ಅಂತ ಯಾರು ಹೇಳಿದ್ದು? ಒಳಗೊಳಗೇ ಪ್ರಾರ್ಥನೆ ಮಾಡ್ತಿದ್ದೆ!

ಅಯ್ಯನವರು: ಆ ಗಳಿಗೇಲಿ ನೀವು ನಡುಗ್ತಾ ಇದ್ರಿ, ನಾನೇ ನೋಡಿದೆ!

ಉಪದೇಶಿ: ನೀವು ಕುರ್ಚಿ ಹಿಂದೆ ಬಚ್ಚಿಟ್ಕೊಂಡಿದ್ದನ್ನ ನಾನೂ ನೋಡಿದೆ!

ಗಂಡ ಹೆಂಡತಿ ಮೆಟ್ಟಿಲಿಳಿದು ಗೇಟಿನ ತನಕ ಬಂದರೂ ಒಳಗಿನ ದನಿ ಬೆನ್ನು ಹತ್ತಿಯೇ ಬರುತ್ತಿತ್ತು. ಯಾಕೋಬ ನಿಂತು, ತಿರುಗಿ ಆ ಕಿಟಕಿಯ ಕಡೆ ಒಂದು ಸಲ ನೋಡಿ, ಯಾರೂ ಕೇಳದೆಯೇ ತಾನಾಗಿ ಬಾಯಿಬಿಟ್ಟ.

ಯಾಕೋಬ: ಪಾಪ, ಇಬ್ರೂ ಒಳ್ಳೇವ್ರು ಕಣೆ. ಅವರ ಮಾತು ಕೇಳೋಕೆ ಯಾರೂ ಇಲ್ಲ, ಅಷ್ಟೆ.