ಬೆಳಿಗ್ಗೆ ಮಾತ್ರ ಗುರಿ ತಪ್ಪುವ ರಿವಾಲ್ವರ್

ಗಂಡಸು ಗುರಿ ತಪ್ಪಿದರೆ ಜನ ಬಂದೂಕನ್ನು ನೋಡುತ್ತಾರೆ. ಹೆಂಗಸು ಗುರಿ ತಪ್ಪಿದರೆ ಹೆಂಗಸನ್ನೇ ನೋಡುತ್ತಾರೆ. ಕಳೆದ ಚಳಿಗಾಲದಲ್ಲಿ ನನ್ನನ್ನು ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದವರ ಮೇಲೆ ನನಗಿನ್ನೂ ಸಿಟ್ಟಿದೆ. ಪಾತ್ರೆ ಕುಕ್ಕುವ ಸಿಟ್ಟಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಟ್ಟು ಏರಿದಷ್ಟೂ ದನಿ ಇಳಿಯಬೇಕು, ಮಾತಿನ ಕೊನೆಗೊಂದು ‘ಪ್ಲೀಸ್’ ಇರಬೇಕು ಎಂದು ಸಿಸ್ಟರುಗಳು ನನ್ನನ್ನು ತಿದ್ದಿಬಿಟ್ಟಿದ್ದಾರೆ. ಹೀಗಾಗಿ ನನಗೆ ಸಿಟ್ಟು ಬಂದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಅದೂ ಒಂದು ಸಿಟ್ಟು.

ಮುಂಬಯಿಯ ಸಯನ್ನಿನಲ್ಲಿರುವ ನಮ್ಮ ಬಿಲ್ಡಿಂಗಿನ ಹೆಂಗಸರು ಯೋಗ, ಭಜನೆ ಎಂದು ಹಂಚಿಹೋಗಿದ್ದಾಗ ನಾನು ಶೂಟಿಂಗ್ ಕ್ಲಬ್ಬಿಗೆ ಸೇರಿದೆ. ಅಲ್ಲಿ ಹೆಂಗಸರ ಬ್ಯಾಚಿಗೆಲ್ಲ ಸೇರಿ ಒಂದೇ ರಿವಾಲ್ವರ್. ಮಳೆಗಾಲ ಮುಗಿಯುವವರೆಗೂ ನನ್ನ ಗುಂಡುಗಳು ಕಾಗದದ ನಡುವಿನ ಕಪ್ಪು ವೃತ್ತದಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂರುತ್ತಿದ್ದವು. ಡಿಸೆಂಬರಿನ ಬೆಳಗಿನ ಪ್ರಾಕ್ಟೀಸಿನಲ್ಲಿ ಅವಕ್ಕೆ ಏನಾಯಿತೋ, ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯತೊಡಗಿದವು. ಒಂದು ಮೇಲೆ, ಒಂದು ಎಡಕ್ಕೆ, ಒಂದು ಪಕ್ಕದಲ್ಲಿ ಸರದಿ ಕಾಯುತ್ತಿದ್ದವಳ ಕಾಗದಕ್ಕೆ. ಸದಾ ತಪ್ಪಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ಬಿಸಿಲೇರಿದ ಮೇಲೆ, ಹತ್ತಾರು ಗುಂಡು ಹೊಡೆದ ಮೇಲೆ, ಮತ್ತೆ ಸರಿಯಾಗಿ ಕೂರುತ್ತಿದ್ದವು! ಉಳಿದ ಹೆಂಗಸರ ಗುಂಡುಗಳು ಮೊದಲಿನಿಂದಲೂ ಊರಲೆಯುತ್ತಿದ್ದುದರಿಂದ ಅವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ನನಗೋ ಜೀವ ಬಾಯಿಗೆ ಬಂದಿತ್ತು. ಜನವರಿಯಲ್ಲಿ ಬೇರೆ ಕ್ಲಬ್ಬುಗಳ ಜೊತೆ ಪಂದ್ಯ. ನಮ್ಮ ತಂಡದಲ್ಲಿ ಹೆಂಗಸರಿಗೆ ಒಂದೇ ಜಾಗ. ಮದುವೆಯಾದ ಮೇಲೆ ನನಗೆಂದೇ ನಾನು ಆಸೆಪಟ್ಟದ್ದು ಅದೊಂದನ್ನೇ.

ನಮ್ಮವರಿಗೆ ಮಾಟುಂಗದಲ್ಲಿ ಹೋಟೆಲು. ಪೇಪರಿನಿಂದ ಮುಖ ಎತ್ತದೆಯೇ ರೋಗ ಕಂಡುಹಿಡಿದರು. “ಕಣ್ಣು ತೋರ್ಸು ಮಾರಾಯ್ತಿ, ನಿನ್ನ ಚಷ್ಮಾ ಹಳೇದಾಯ್ತು.” ತೋರಿಸಿದೆ. ಕಣ್ಣು ಸರಿ ಇತ್ತು. “ಹಾಗಾದ್ರೆ ಕೈ. ನಿನ್ನೆ ಎಷ್ಟು ಚಪಾತಿ ಲಟ್ಟಿಸಿದ್ದೆ?”

“ತಿಂದದ್ದು ನೀವಲ್ವಾ, ನೀವೇ ಹೇಳಿ, ಪ್ಲೀಸ್.”

“ಅದಕ್ಕೆಂತ ಇಷ್ಟು ಟೆನ್ಶನ್? ಅದೊಂದು ಆಟ ಅಲ್ವಾ ಮಾರಾಯ್ತಿ!” ಎಂದರು. ಸಾಂಬಾರು ನೀರಾಗಿದೆ ಎಂದು ಗಿರಾಕಿಯೊಬ್ಬ ಮೂಗು ಮುರಿದರೆ ಎರಡು ದಿನ ಸರಿಯಾಗಿ ಉಣ್ಣದ ಮನುಷ್ಯ ಇವರು.

ಕ್ಲಬ್ಬಿನ ಕೋಚ್ ಪರಬ್ ಸರ್ ಇನ್ನೂ ಒಂದು ಹೆಜ್ಜೆ ಮುಂದೆ. ಬಳೆ ತೆಗೆಸಿದರು. ವಾಚು ತೆಗೆಸಿದರು. ಉಸಿರು ಹಿಡಿಸಿದರು, ಬಿಡಿಸಿದರು. “ಮ್ಯಾಡಮ್, ಘರ್ ಕಾ ಟೆನ್ಶನ್ ಘರ್ ಪೇ ಛೋಡ್ಕೇ ಆಯಾ ಕರೋ” ಎಂದು ಜಗಿದು ಜಗಿದು ಚಪ್ಪಟೆಯಾದ ಪೆನ್ನಿನ ಮುಚ್ಚಳವನ್ನು ನನ್ನತ್ತ ಆಡಿಸಿದರು. ಮನೆಯಲ್ಲಿ ಇಲ್ಲದ ಟೆನ್ಶನ್ನನ್ನು ಮನೆಯಲ್ಲೇ ಬಿಡುವುದು ಹೇಗೆ? ಹೆಂಗಸರಿಗೆ ಶುರುವಿನಲ್ಲಿ ಭಯವಂತೆ, ಆಮೇಲೆ ಧೈರ್ಯ ಬರುತ್ತದಂತೆ, ಅದಕ್ಕೇ ಕೊನೆಯ ಗುಂಡುಗಳು ಸರಿಯಂತೆ. “ಒಮ್ಮೆ ಗನ್ ಬಿಚ್ಚಿ ನೋಡಿ ಸರ್, ಪ್ಲೀಸ್” ಎಂದು ನಾನು ಎಷ್ಟು ಸಲ ಕೇಳಿಕೊಂಡೆನೋ! “ಗನ್ ಕೋ ಕ್ಯಾ ಹುವಾ ಹೈ?” ಎಂದು ನಗುತ್ತಿದ್ದರು. ಗನ್ನಿಗೆ ಮನೆ ಇಲ್ಲ, ಗಂಡ ಇಲ್ಲ, ಚಪಾತಿ ಇಲ್ಲ. ಅದಕ್ಕೆ ಏನಾದೀತು, ಪಾಪ!

ಆಯ್ಕೆಯ ದಿನ ಬೆಳಿಗ್ಗೆ ಮುಂಬಯಿಗೆ ಅಪರೂಪದ ಚಳಿ. ನನ್ನ ಮೊದಲ ಆರು ಗುಂಡುಗಳೂ ಸಾಸಿವೆ. ಪರಬ್ ಸರ್ ತುಂಬ ಮೃದುವಾಗಿ, “ಐಸಾ ಕರೋ ಮ್ಯಾಡಮ್, ಮ್ಯಾಚ್ ಕೇ ದಿನ್ ಆಪ್ ಚಾಯ್-ನಾಷ್ಟಾ ಸಂಭಾಲೋ. ಆಪ್ ಕೇ ಹೋಟೆಲ್ ಕೀ ಇಡ್ಲಿ ತೋ ಏಕ್‌ದಮ್ ಫಸ್ಟ್ ಕ್ಲಾಸ್!” ಎಂದರು.

ಪಂದ್ಯದ ದಿನ ನಾನು ತಿಂಡಿ ನೋಡಿಕೊಳ್ಳಬೇಕಂತೆ. ಇಡ್ಲಿ! ಆಗ ನನ್ನ ದನಿ ಎಷ್ಟು ಕೆಳಗಿಳಿಯಿತೆಂದರೆ ನನಗೇ ಕೇಳಿಸಲಿಲ್ಲ. ರಿವಾಲ್ವರನ್ನು ಮೇಜಿನ ಮೇಲೆ, ಬಾಯಿ ಗುರಿಯ ಕಡೆಗೇ ಇರುವಂತೆ ಇಟ್ಟು ಹಿಂದೆ ಸರಿದೆ. “ನೀವೊಮ್ಮೆ ಹೊಡೀರಿ ಸರ್. ಪ್ಲೀಸ್.” ದನಿ ಕೇಳಿಸದಿದ್ದರೂ ಕೈಸನ್ನೆಯಿಂದ ಅರ್ಥವಾಗಿರಬೇಕು. ನಗುತ್ತಲೇ ಗುಂಡು ತುಂಬಿ ಆರೂ ಹೊಡೆದರು. ಎರಡಕ್ಕಂತೂ ಕಾಗದವೇ ಸಿಗಲಿಲ್ಲ. ಕಾಗದ ನೋಡಿದರು. ಆಮೇಲೆ ಗನ್ ನೋಡಿದರು. “ಇಸ್ ಮೇ ಕುಛ್ ಗಡ್‌ಬಡ್ ಹೈ” ಎಂದರು. ಈಗ ದೋಷ ಗನ್ನಿನದಾಯಿತು. ಗಮನಿಸಿ, ಕಣ್ಣಿನ ಡಾಕ್ಟರ ಹತ್ತಿರ ಓಡಲಿಲ್ಲ, ಬೆರಳಿನ ಹರಳಿನುಂಗುರ ತೆಗೆಯಲಿಲ್ಲ, ಮನೆಯಲ್ಲಿ ಯಾರ ಜೊತೆ ಜಗಳವಾಯಿತೆಂದು ನೆನಪು ಮಾಡಿಕೊಳ್ಳಲಿಲ್ಲ! ನಾನು ವಾರಗಟ್ಟಲೆ ಕೇಳಿಕೊಂಡದ್ದನ್ನು ಅವರ ಆರು ಗುಂಡುಗಳು ಒಂದೇ ನಿಮಿಷದಲ್ಲಿ ಮಾಡಿಸಿದವು. ಇಂಗ್ಲಿಷಿನಲ್ಲೊಂದು ಭಾಷಣ, ನಡುನಡುವೆ ಎಂಟು ‘ಪ್ಲೀಸ್’ ಹಾಕಿ, ನನ್ನ ನಾಲಗೆಯ ತುದಿಯಲ್ಲಿ ತಯಾರಾಗಿ ನಿಂತಿತು.

ಸ್ಕ್ರೂ ಬಿಚ್ಚಿ ಪಕ್ಕದ ತಗಡು ಎತ್ತಿದರು. ಒಳಗೆ, ಗುಂಡಿನ ಹಿಂಬದಿಗೆ ಬಡಿಯುವ ಸುತ್ತಿಗೆಯ ಬುಡದಲ್ಲಿ, ಗುಂಡು ಕೂರುವ ಸಿಲಿಂಡರನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವ ಕೊಂಡಿಯ ಸುತ್ತ, ಬೆಳ್ಳಗೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಅದರಿಂದಾಗಿ ಕೊಂಡಿ ಸರಿಯಾಗಿ ಕಚ್ಚುತ್ತಿರಲಿಲ್ಲ, ಸಿಲಿಂಡರು ಒಮ್ಮೆ ಹೀಗೆ ಒಮ್ಮೆ ಹಾಗೆ ನಿಲ್ಲುತ್ತಿತ್ತು. ಗನ್ ಬಿಸಿಯಾದ ಮೇಲೆ ಅದು ಕರಗಿ ಎಲ್ಲ ಸರಿಯಾಗುತ್ತಿತ್ತು. ಪರಬ್ ಸರ್ ಉಗುರಿನಲ್ಲಿ ಕೆರೆದು ಮೂಸಿದರು. “ನಾರಿಯಲ್?”

ತೆಂಗಿನೆಣ್ಣೆ. ಪ್ರಾಕ್ಟೀಸು ಮುಗಿದ ಮೇಲೆ ಗನ್ ಒರೆಸಿ ಎಣ್ಣೆ ಬಿಡುವುದು ನಮ್ಮ ಬ್ಯಾಚಿನದೇ ಕೆಲಸ. ಉಳಿದವರು ಲೋಕಲ್ ಹಿಡಿಯಲು ಓಡುತ್ತಾರೆ, ನಾನು ಉಳಿಯುತ್ತೇನೆ. ದೀಪಾವಳಿಯ ಹೊತ್ತಿಗೆ ಕ್ಲಬ್ಬಿನ ಶೀಶೆ ಖಾಲಿಯಾಗಿತ್ತು. ತಲೆಗೆ, ಹೊಲಿಗೆ ಮಷೀನಿಗೆ, ಕಿರುಗುಟ್ಟುವ ಬಾಗಿಲಿಗೆ ಆಗುವ ಎಣ್ಣೆ ಇದಕ್ಕೊಂದಕ್ಕೆ ಆಗದೇ ಎಂದು ಮನೆಯಿಂದ ತಂದು, ಒಳಕ್ಕೆ ಇಳಿಯಲಿ ಎಂದು ಧಾರಾಳವಾಗಿಯೇ ಬಿಟ್ಟಿದ್ದೆ.

ಪರಬ್ ಸರ್ ಎಲ್ಲ ಒರೆಸಿ ಬೇರೆ ಎಣ್ಣೆ ಹಾಕಿ ಕೊಟ್ಟರು. ಹೊಡೆದೆ. ಆರೂ ಒತ್ತಿಕೊಂಡು ಕೂತವು. ತಂಡದ ಜಾಗ ನನಗೇ ಎಂದರು. ಇಡೀ ಬ್ಯಾಚಿನೆದುರು, “ಸಾರಿ ಮ್ಯಾಡಮ್, ಗಲತೀ ಗನ್ ಕೀ ಥೀ” ಎಂದು ತಪ್ಪನ್ನು ಗನ್ನಿನ ಮೇಲೂ ಹಾಕಿದರು. ನಾನು ಭಾಷಣ ನುಂಗಿಕೊಂಡು ದೊಡ್ಡ ಮನಸ್ಸಿನಿಂದ ತಲೆಯಾಡಿಸಿದೆ. ಅವರು ಬೆರಳಿನ ಜಿಡ್ಡನ್ನು ಮತ್ತೊಮ್ಮೆ ಮೂಸಿ, ನನ್ನನ್ನೇ ನೋಡುತ್ತಾ ಕೇಳಿದರು: “ಮ್ಯಾಡಮ್, ಆಪ್ ಮ್ಯಾಂಗಲೋರ್ ಸೈಡ್ ಕೇ ಹೋ ನಾ?”

“ಬಿಲ್ಕುಲ್ ನಹೀಂ” ಎಂದೆ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. “ಉಡುಪಿ.”